ಮೂರು ರಾಯರ ಗಂಡ

ಈ ಸಲದ ರಾಜ್ಯೋತ್ಸವದ ನಾಟಕದಲ್ಲಿ ನನ್ನ ಮಗ ಹೊಗಳುಭಟ. ಕೃಷ್ಣದೇವರಾಯ ಬರುವ ಮೊದಲು ಬಿರುದುಗಳನ್ನು ಕೂಗಿ ಬದಿಗೆ ಸರಿಯುವುದಷ್ಟೇ ಪಾತ್ರ. ಎರಡು ವಾರ ಕಾರಿನ ಹಿಂದಿನ ಸೀಟಿನಲ್ಲಿ ಅಭ್ಯಾಸ ನಡೆಯಿತು. 'ಮೂರು ರಾಯರ ಗಂಡ' ಎಂಬಲ್ಲಿಗೆ ಬಂದಾಗಲೆಲ್ಲ ಅವನಿಗೆ ನಗು. ಕೊನೆಗೆ ಕೇಳಿಯೇಬಿಟ್ಟ: "ಅಪ್ಪಾ, ಗಂಡ ಅಂದ್ರೆ ಹಸ್ಬೆಂಡ್ ಅಲ್ವಾ? ಮೂರು ಕಿಂಗ್‌ಗಳಿಗೆ ಒಬ್ನೇ ಹಸ್ಬೆಂಡಾ?"

ನಾವಿಬ್ಬರೂ ನಕ್ಕೆವು. ಸಿಗ್ನಲ್ ಹಸಿರಾಯಿತು. ಉತ್ತರ ಅಲ್ಲೇ ಉಳಿಯಿತು.

ನಾಟಕದ ದಿನ ಅದೇ ಬಿರುದಿಗೆ ಬಂದು ಹುಡುಗ ನಿಂತುಬಿಟ್ಟ. ಸಭೆ ಪ್ರೀತಿಯಿಂದಲೇ ನಕ್ಕಿತು. ಅವನಿಗೆ ಅದು ಪ್ರೀತಿ ಎಂದು ಗೊತ್ತಾಗಲಿಲ್ಲ. ಪರದೆಯ ಹಿಂದೆ ಬಿಕ್ಕುತ್ತಿದ್ದವನ ಭುಜ ಹಿಡಿದು ನಾನೆಂದೆ: "ಗಂಡ್ಸಾಗಿ ಅಳ್ತೀಯೇನೋ?"

ಅವನು ಮೂಗು ಒರೆಸಿಕೊಂಡು ಕೇಳಿದ, "ಅದೂ ಆ ಗಂಡಾನೇನಾ?"

ಆ ಮಾತು ನನ್ನದಲ್ಲ, ನನ್ನ ಸೋದರಮಾವನದು. ಮಾವನ ಊರು ನ್ಯಾಮತಿ, ಆಗ ಹೊನ್ನಾಳಿ ತಾಲ್ಲೂಕಿನಲ್ಲೇ ಇತ್ತು. ಅಲ್ಲಿ ದೀಪಾವಳಿ ಕಳೆದ ಮೇಲೆ ಹೋರಿ ಹಬ್ಬ. ಕೊಬ್ಬರಿ ಹಾರ ಕಟ್ಟಿದ ಹೋರಿ ಜನರ ನಡುವೆ ನುಗ್ಗಿ ಬರುತ್ತದೆ, ಹಾರಕ್ಕೆ ಕೈಹಾಕಿ ಕಿತ್ತವನು ಗಂಡು. ನಾನು ಬೇಲಿ ಹತ್ತಿ ಅತ್ತಿದ್ದೆ. "ಹೆಣ್ಣಿಗ" ಎಂಬ ಮಾತು ಕೇಳಿದ್ದು ಆವತ್ತೇ. ಮೂವತ್ತು ವರ್ಷ ಅದು ನನ್ನೊಳಗೆ ತೆಪ್ಪಗೆ ಕೂತಿತ್ತು. ಪಾಸ್‌ಪೋರ್ಟು, ವೀಸಾ ಕೇಳದೆ ಇಷ್ಟು ದೂರ ಬಂದು, ಬಾಡಿಗೆ ಹಾಲಿನ ಪರದೆಯ ಹಿಂದೆ ಮಗನ ಮೇಲೆ ಹಾರಿತು.

ಹೌದು, ಎರಡೂ ಅದೇ ಗಂಡ. ಕಿಟೆಲರ 1894ರ ನಿಘಂಟಿನಲ್ಲಿ ಈ ಮಾತಿನಡಿ ಶೂರನೂ ಇದ್ದಾನೆ, ಹೆಂಡತಿಯ ಗಂಡನೂ ಇದ್ದಾನೆ. ಬಿರುದುಗಳಲ್ಲಿ ಬರುವವನು ಎದುರಾಳಿಯನ್ನು ಮಣಿಸುವವನು, ತಪ್ಪಿದವರನ್ನು ದಂಡಿಸುವವನು. ಮೈಸೂರು ಅರಸರ 'ಬಿರುದೆಂತೆಂಬರ ಗಂಡ'ನೂ ಈ ಪೈಕಿಯೇ. ಮಗನಿಗೆ ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ನನಗೆ ಹೆಚ್ಚು ಹಿಡಿಸಿದ್ದು ವಿಜಯನಗರದ ಇನ್ನೊಂದು ಬಿರುದು, 'ಭಾಷೆಗೆ ತಪ್ಪುವ ರಾಯರ ಗಂಡ'. ಕೊಟ್ಟ ಮಾತಿಗೆ ತಪ್ಪಿದ ಅರಸರನ್ನು ಬಗ್ಗುಬಡಿಯುವವನು. 1368ರ ಶ್ರವಣಬೆಳಗೊಳದ ಶಾಸನದಲ್ಲಿ ಬುಕ್ಕರಾಯನ ಹೆಸರಿನ ಜೊತೆ ಅದಿದೆ. ಅಲ್ಲಿ ಅವನು ಮಾಡಿದ್ದಾದರೂ ಏನು? ಜೈನರಿಗೂ ವೈಷ್ಣವರಿಗೂ ಜಗಳ ಬಿದ್ದಿತ್ತು. ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಕಾಪಾಡಿ ಎಂದ. ಗಂಡ ಎನಿಸಿಕೊಂಡವನು ಅವತ್ತು ಕತ್ತಿ ಎತ್ತಲಿಲ್ಲ.

ಜಗಳೂರಿಗೆ ಕೊಟ್ಟ ನನ್ನಕ್ಕನ ಊರಲ್ಲಿ ಮಾತಿಗೆ ತಪ್ಪದವನೇ ಗಂಡ ಎಂಬ ಅರ್ಥ ಇನ್ನೂ ಜೀವಂತ. ಮಳೆ ನಂಬಿದ ನೆಲ, ಸಾಲ ಮಾಡದವರಿಲ್ಲ. ಬೋರು ಕೈಕೊಟ್ಟ ವರ್ಷವೂ ಭಾವ ಮೆಕ್ಕೆಜೋಳ ಮಾರಿ, ಹೇಳಿದ ದಿನಕ್ಕೆ ದುಡ್ಡು ತಲುಪಿಸಿದರು. ಸಾಲ ಕೊಟ್ಟವನು ಕಟ್ಟೆಯ ಮೇಲೆ ಕೂತು ಹೇಳಿದನಂತೆ: "ಗಂಡ್ಸು ಕಣಯ್ಯ." ಮೀಸೆಯ ಮಾತು ಬರಲೇ ಇಲ್ಲ. ಅದೇ ಊರಿನಲ್ಲಿ ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ. ಅದನ್ನೂ ಹೇಳದಿದ್ದರೆ ಊರನ್ನು ಹೊಗಳಿ ಕೈತೊಳೆದುಕೊಂಡಂತೆ.

ಇನ್ನು ನನ್ನೂರು. ಚನ್ನಗಿರಿಗೆ ಆ ಹೆಸರು ಬಂದದ್ದು ಕೆಳದಿಯ ಚೆನ್ನಮ್ಮನಿಂದ ಎನ್ನುತ್ತಾರೆ. ಶಿವಾಜಿಯ ಮಗ ರಾಜಾರಾಮನಿಗೆ ಕೊಟ್ಟ ಅಭಯಕ್ಕಾಗಿ ಔರಂಗಜೇಬನ ಸೈನ್ಯವನ್ನು ಎದುರಿಸಿದವಳು. ಶಾಲೆಯ ಭಾಷಣ ಸ್ಪರ್ಧೆಯಲ್ಲಿ ನಾನೇ ಅವಳನ್ನು 'ಗಂಡೆದೆಯ ರಾಣಿ' ಎಂದು ಹೊಗಳಿ ಸ್ಟೀಲ್ ಲೋಟ ಗೆದ್ದಿದ್ದೆ. ಇದನ್ನು ಕೇಳಿದ ಮಗಳು, "ಅವಳದೇ ಎದೆ ಇರ್ಲಿಲ್ವಾ?" ಅಂದಳು. ಈ ಮಗಳನ್ನೇ ಅವಳಜ್ಜಿ ಫೋನಿನಲ್ಲಿ ಗಂಡುಬೀರಿ ಎಂದು ಬೈಯುವುದು. ರಾಣಿಗಾದರೆ ಬಿರುದು, ಮೊಮ್ಮಗಳಿಗಾದರೆ ಬೈಗುಳ.

ಭಾನುವಾರದ ಕನ್ನಡ ತರಗತಿಗೆ ಮಕ್ಕಳನ್ನು ಬಿಟ್ಟು ಕಾಫಿಗೆ ಹೊರಡುವ ನಾವು, ಒಂದು ದಿನವಾದರೂ ಒಳಗೆ ಕೂರಬೇಕೇನೋ. ಮಕ್ಕಳ ಬಾಯಿಗೆ ಯಾವ ಮಾತು ಹಾಕುತ್ತಿದ್ದೇವೆ, ಅದರ ಬೆನ್ನಿಗೆ ಇನ್ನೇನೇನು ಅಂಟಿಕೊಂಡು ಬರುತ್ತಿದೆ ಎಂದು ನೋಡಲಿಕ್ಕಾದರೂ. ಮಾತನ್ನು ತೊಳೆದು ಕೊಡಬೇಕೋ, ಮಣ್ಣಿನ ಸಮೇತ ಕೊಡಬೇಕೋ, ನನಗಂತೂ ಬಗೆಹರಿದಿಲ್ಲ.

ಶನಿವಾರ ರಾತ್ರಿ ಅಮ್ಮನಿಗೆ ವಿಡಿಯೋ ಕರೆ. ಅಲ್ಲಿ ಭಾನುವಾರದ ಬೆಳಗು, ಅಂಗಳದಲ್ಲಿ ಅಡಿಕೆ ಹರವಿತ್ತು. ಮಗ ಹೊಸ ಬಿರುದನ್ನು ಒಂದೂ ತಪ್ಪಿಲ್ಲದೆ ಕೂಗಿ ತೋರಿಸಿದ. ಆಮೇಲೆ ಕೇಳಿದ: "ಅಜ್ಜೀ, ಭಾಷೆ ಅಂದ್ರೆ ಕನ್ನಡಾನಾ? ಕನ್ನಡ ಬರದೇ ಇರೋ ಕಿಂಗ್‌ಗೆಲ್ಲಾ ಹೊಡೀತಿದ್ನಾ?"

ಅಮ್ಮ ಬಾಯ್ತುಂಬ ನಕ್ಕಳು. "ಅಲ್ಲ ಕಣಪ್ಪಾ. ಭಾಷೆ ಅಂದ್ರೆ ಕೊಟ್ಟ ಮಾತು. ಮಾಡ್ತೀನಿ ಅಂದಿದ್ದು, ಬರ್ತೀನಿ ಅಂದಿದ್ದು."

ಹುಡುಗ ಸ್ವಲ್ಪ ಹೊತ್ತು ಯೋಚಿಸಿದ. "ಅಪ್ಪ ದೀಪಾವಳಿಗೆ ಬರ್ತೀನಿ ಅಂದಿದ್ರಲ್ಲ, ಹಂಗಾ?"

ಅಮ್ಮ ಬಗ್ಗಿ ಅಡಿಕೆಯಲ್ಲಿ ಕೈಯಾಡಿಸತೊಡಗಿದಳು.