ತೊಟ್ಟಿಲಲ್ಲೊಂದು ತೋಳ

1787ರಲ್ಲಿ ಪಶ್ಚಿಮ ಸರ್ಬಿಯಾದ ತರ್ಶಿಚ್ ಎಂಬ ಹಳ್ಳಿಯಲ್ಲಿ ಸ್ಟೆಫಾನ್ ಮತ್ತು ಯೆಗ್ದಾ ಎಂಬ ದಂಪತಿಗೆ ಒಂದು ಗಂಡುಮಗು ಹುಟ್ಟಿತು. ಅದಕ್ಕೂ ಮುಂಚೆ ಹುಟ್ಟಿದ ಕೂಸುಗಳೆಲ್ಲ ಮಣ್ಣು ಸೇರಿದ್ದವು. ಈ ಕೂಸಿಗೆ ಇಟ್ಟ ಹೆಸರು ವುಕ್. ಎಂದರೆ ತೋಳ.

ಹಸುಗೂಸನ್ನು ಎದೆಗವಚಿಕೊಂಡು ‘ತೋಳ’ ಎಂದು ಕರೆಯಬೇಕಾದರೆ ಆ ತಾಯಿಯ ಜೀವ ಎಷ್ಟು ನಡುಗಿರಬೇಕು! ಮಾಟಗಾತಿಯರು ಎಳೆಮಕ್ಕಳನ್ನು ತಿನ್ನುತ್ತಾರೆ, ತೋಳದ ತಂಟೆಗೆ ಮಾತ್ರ ಬರುವುದಿಲ್ಲ ಎಂಬುದು ಆ ಸೀಮೆಯ ನಂಬಿಕೆ. ನಮ್ಮಲ್ಲೂ ಮಕ್ಕಳು ಉಳಿಯದ ಮನೆಯಲ್ಲಿ ‘ತಿಪ್ಪ’ ಎಂದು ಹೆಸರಿಡುತ್ತಿದ್ದರು. ಕಸವೆಂದುಕೊಂಡು ಸಾವು ದಾಟಿಹೋಗಲಿ ಎಂಬ ಆಸೆ. ತರ್ಶಿಚ್‌ನ ತಾಯಿ ಮಗುವನ್ನು ಮರೆಮಾಡಲಿಲ್ಲ, ಅದರ ಬಾಯಿಗೆ ಕೋರೆಹಲ್ಲು ಕೊಟ್ಟಳು.

ಪದವೂ ನಮಗೆ ದೂರದ್ದಲ್ಲ. ಸಂಸ್ಕೃತದ ವೃಕ, ರಷ್ಯನ್ನಿನ ವೋಲ್ಕ್, ಸರ್ಬಿಯನ್ನಿನ ವುಕ್ ಒಂದೇ ಬೇರಿನವು. ಭೀಮನನ್ನು ವೃಕೋದರ ಎನ್ನುವಾಗ ಅದೇ ತೋಳ ನಮ್ಮ ನಾಲಿಗೆಯ ಮೇಲೂ ಸುಳಿಯುತ್ತದೆ. ನಮಗೆ ಕಂಡದ್ದು ಅದರ ಹಸಿವು. ಯೆಗ್ದಾಳಿಗೆ ಬೇಕಾದದ್ದು ಅದರ ಕಾವಲು.

ಮಗು ಉಳಿಯಿತು. ವುಕ್ ಕರಾಜಿಚ್ ಆಗಿ ಬೆಳೆದು, ಹಳ್ಳಿಗರು ಆಡುವ ನುಡಿಯನ್ನೇ ಬರೆಯುವ ನುಡಿಯಾಗಿಸಲು ಪಟ್ಟುಹಿಡಿದು ಸರ್ಬಿಯನ್ ಲಿಪಿಯನ್ನು ತಿದ್ದಿದರು. 1818ರಲ್ಲಿ ವಿಯೆನ್ನಾದಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ 26,000ಕ್ಕೂ ಹೆಚ್ಚು ಪದಗಳಿವೆ. ಮಕ್ಕಳು ದಕ್ಕದ ಹೆಂಗಸು ಮಗನಿಗೆ ಈ ಹೆಸರನ್ನು ಏಕೆ ಇಡುತ್ತಾಳೆ ಎಂಬುದನ್ನೂ, ತಮಗೂ ಅದೇ ಕಾರಣಕ್ಕೆ ಇಟ್ಟರೆಂಬುದನ್ನೂ ಅವರು ತಮ್ಮ ನಿಘಂಟಿನಲ್ಲಿ ಬರೆದಿಟ್ಟಿದ್ದಾರೆ. ಓದುವಾಗ ನನ್ನ ಮನಸ್ಸು ನಿಲ್ಲುವುದು ಇಲ್ಲೇ. ಪದ ವಸ್ತುವನ್ನು ತೋರಿಸುತ್ತದೆ, ಅಷ್ಟೆ ಎನ್ನುವುದು ನಿಘಂಟಿನ ಲೆಕ್ಕ. ಆದರೆ ಯೆಗ್ದಾ ಪದವನ್ನು ಬಾಗಿಲಲ್ಲಿ ಕಾವಲಿಗೆ ನಿಲ್ಲಿಸಿದ್ದಳು. ಮಗ ಅದನ್ನು ಮೂಢನಂಬಿಕೆ ಎಂದು ಹಳಿದು ಅಳಿಸಿಹಾಕಬಹುದಿತ್ತು. ಹಾಗೆ ಮಾಡದೆ ತಾಯಿಯ ಭಯಕ್ಕೂ ಅಕಾರಾದಿಯಲ್ಲಿ ಜಾಗ ಕೊಟ್ಟರು. ಅದನ್ನು ನಾನು ದೊಡ್ಡ ಗೌರವವೆಂದೇ ತಿಳಿಯುತ್ತೇನೆ.

ಸರ್ಬಿಯಾದಲ್ಲಿ ಗಂಡುಮಕ್ಕಳಿಗೆ ಇಂದಿಗೂ ವುಕ್ ಎಂದು ಹೆಸರಿಡುತ್ತಾರೆ. ವುಕಾಶಿನ್, ವುಕಾನ್ ಎಂಬುವೂ ಇದೇ ಬಳಗ.

ವಿಯೆನ್ನಾದವರಾದ ಆನ್ನಾರನ್ನು ವುಕ್ ಮದುವೆಯಾದರು. ಅವರಿಗೆ ಹುಟ್ಟಿದ ಹಲವು ಮಕ್ಕಳನ್ನು ಅವರೇ ಮಣ್ಣು ಮಾಡಬೇಕಾಯಿತು. 1864ರಲ್ಲಿ ವುಕ್ ಕಣ್ಣು ಮುಚ್ಚಿದಾಗ ಉಳಿದಿದ್ದವರು ಮಗಳು ಮೀನಾ, ಮಗ ದಿಮಿತ್ರಿಯೆ, ಇಬ್ಬರೇ.