ಸಂಕಲ್ಪವೂ ಪ್ರಲೋಭನವೂ

ಲಂಚ ಬೇಡಿದ ಅಧಿಕಾರಿಯನ್ನು ಹಿಡಿಯಲೆಂದು ಲೋಕಾಯುಕ್ತದ ಪೊಲೀಸರು ಬಲೆ ಬೀಸುವಾಗ, ದೂರುದಾರನು ಕೊಡಬೇಕಾದ ನೋಟುಗಳಿಗೆ ಫಿನಾಫ್ತಲೀನ್ ಎಂಬ ಬಿಳಿಯ ಪುಡಿಯನ್ನು ಸವರಿ, ಅವುಗಳ ಸಂಖ್ಯೆಗಳನ್ನು ಪಂಚರ ಸಮಕ್ಷಮದಲ್ಲಿ ಬರೆದಿಟ್ಟುಕೊಂಡು, ಹಣ ಕೈಬದಲಾದೊಡನೆ ಆ ಅಧಿಕಾರಿಯ ಬೆರಳುಗಳನ್ನು ಸೋಡಿಯಂ ಕಾರ್ಬೊನೇಟಿನ ದ್ರಾವಣದಲ್ಲಿ ಅದ್ದಿಸುತ್ತಾರೆ. ತಿಳಿನೀರು ಗುಲಾಬಿಯ ಬಣ್ಣಕ್ಕೆ ತಿರುಗಿದರೆ ಬೆರಳು ನೋಟನ್ನು ಮುಟ್ಟಿತೆಂಬುದು ಸ್ಪಷ್ಟವಾಗುತ್ತದೆ. ಆದರೆ ಆ ಬಣ್ಣವು ಕೈಯ ಕಥೆಯನ್ನು ಹೇಳೀತೇ ಹೊರತು ಮನಸ್ಸಿನ ಕಥೆಯನ್ನು ಹೇಳಲಾರದು. ಹಣದ ಮಾತು ಮೊದಲು ಯಾರ ಬಾಯಿಂದ ಹೊರಟಿತೆಂಬುದನ್ನು ಸೀಸೆಯೊಳಗಿನ ನೀರು ಅರಿಯದು. ಆದುದರಿಂದಲೇ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2022ರಲ್ಲಿ, ಹಣ ದೊರೆತ ಮಾತ್ರಕ್ಕೆ ಅಪರಾಧವು ಸಿದ್ಧವಾಗದು, ಬೇಡಿಕೆಯೂ ಸ್ವೀಕಾರವೂ ರುಜುವಾತಾಗತಕ್ಕವು ಎಂದು ನಿರ್ಣಯಿಸಿತು.

ಧರ್ಮಶಾಸ್ತ್ರಕ್ಕೂ ದಂಡಶಾಸ್ತ್ರಕ್ಕೂ ಇರುವ ಅಂತರವು ಇಲ್ಲಿಯೇ ಗೋಚರಿಸುತ್ತದೆ. ಜೈನಾಚಾರ್ಯರು ಭಾವಹಿಂಸೆಯನ್ನೂ ದ್ರವ್ಯಹಿಂಸೆಯನ್ನೂ ಬೇರೆ ಬೇರೆಯಾಗಿ ಎಣಿಸಿ, ಕೈ ಏಳದಿದ್ದರೂ ಮನಸ್ಸು ಕೊಂದಿದ್ದರೆ ಅದು ಪಾಪವೇ ಎಂದರು. ಆತ್ಮಶೋಧನೆಗೆ ಹೊರಟ ಸಾಧಕನಿಗೆ ಆ ಮಾತು ದಾರಿದೀಪ. ರಾಜ್ಯದ ಕೈಗೆ ಸಿಕ್ಕಿದರೆ ಅದು ಭಯಂಕರ ಆಯುಧ. ಕಾನೂನು ಕೃತಿಯನ್ನು ದಂಡಿಸುತ್ತದೆ, ಆ ಕೃತಿಯ ಹಿಂದಣ ಸಂಕಲ್ಪವನ್ನು ಕೃತಿಯ ಮೂಲಕವೇ ಅಳೆಯುತ್ತದೆ. ಕುಟುಕು ಕಾರ್ಯಾಚರಣೆಯಾದರೋ, ಅಂತರಂಗದಲ್ಲಿ ಏನಿದೆಯೆಂದು ನೋಡುವ ಆತುರದಿಂದ ಕೃತಿಯೊಂದನ್ನು ತಾನೇ ನಿರ್ಮಿಸಲು ಹೊರಡುತ್ತದೆ. ಲೋಭದ ಬೀಜವಿಲ್ಲದ ಎದೆ ಯಾವುದಿದೆ? ನೀರೆರೆದು ಅದನ್ನು ಮೊಳೆಯಿಸಿ, ಮೊಳೆತುದಕ್ಕಾಗಿ ಹೊಲದವನನ್ನು ಸೆರೆಗೆ ಒಯ್ಯುವುದು ಯಾವ ನ್ಯಾಯ?

ಈ ಪ್ರಶ್ನೆಯನ್ನು ನಾವೇ ಮೊದಲು ಕೇಳಿದೆವೆಂದು ಭಾವಿಸಬೇಕಾಗಿಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ 1905ರಲ್ಲಿ ದೊರೆತು 1909ರಲ್ಲಿ ಅಚ್ಚಾದ ಅರ್ಥಶಾಸ್ತ್ರದಲ್ಲಿ, ಅಮಾತ್ಯರನ್ನು ಧರ್ಮ, ಅರ್ಥ, ಕಾಮ, ಭಯಗಳೆಂಬ ನಾಲ್ಕು ಉಪಧೆಗಳಿಂದ ಪರೀಕ್ಷಿಸುವ ವಿಧಾನವಿದೆ. ಶಂಕೆಗೆ ಪಾತ್ರನಾದ ನ್ಯಾಯಾಧಿಕಾರಿಯ ಬಳಿಗೆ ಗೂಢಚಾರನು ಹೋಗಿ, ಆಪಾದಿತನಾದ ತನ್ನ ಬಂಧುವನ್ನು ಉಳಿಸಲು ಹಣವನ್ನು ಮುಂದಿಡುವ ಉಪಾಯವೂ ಇದೆ. ಆದರೆ ಅಷ್ಟು ನಿಷ್ಠುರನಾದ ಕೌಟಿಲ್ಯನೂ ಒಂದೆಡೆ ತಡೆದು ನಿಲ್ಲುತ್ತಾನೆ: ಕೆಡದವನನ್ನು ಕೆಡಿಸುವುದು ನೀರಿಗೆ ವಿಷ ಬೆರೆಸಿದಂತೆ, ಒಮ್ಮೆ ಕೆಟ್ಟ ಬುದ್ಧಿಗೆ ಮತ್ತೆ ಮದ್ದು ಸಿಗದೆ ಹೋಗಬಹುದು ಎಂಬುದು ಆತನ ಎಚ್ಚರಿಕೆಯ ತಾತ್ಪರ್ಯ. ದಯೆಗೆ ಹೆಸರಾಗದವನು ಆಡಿದ ಮಾತಾದುದರಿಂದಲೇ ಇದರ ತೂಕ ಹೆಚ್ಚೆಂದು ನನಗೆ ತೋರುತ್ತದೆ.

ಸ್ವತಂತ್ರ ಭಾರತದ ನ್ಯಾಯಾಲಯಗಳಿಗೂ ಈ ಸಂಕಟವು ಬೇಗನೆ ಎದುರಾಯಿತು. ವಿಂಧ್ಯಪ್ರದೇಶದ ಕೈಗಾರಿಕಾ ಮಂತ್ರಿ ರಾವ್ ಶಿವ ಬಹಾದುರ್ ಸಿಂಗರು ಪನ್ನಾದ ವಜ್ರದ ಗಣಿಗಳ ವ್ಯವಹಾರದಲ್ಲಿ 25,000 ರೂಪಾಯಿ ಲಂಚ ಪಡೆದರೆಂಬ ಆರೋಪದ ಮೇಲೆ 1949ರ ಏಪ್ರಿಲಿನಲ್ಲಿ ದೆಹಲಿಯ ಕಾನ್‌ಸ್ಟಿಟ್ಯೂಷನ್ ಹೌಸಿನಲ್ಲಿ ಸಿಕ್ಕಿಬಿದ್ದರು. 1954ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರ ಅಪರಾಧವನ್ನು ಸ್ಥಿರಪಡಿಸಿತು. ಆದರೆ ಕೊಡುವವನಲ್ಲಿ ಹಣವಾಗಲಿ ಅದನ್ನು ಹೊಂದಿಸುವ ಶಕ್ತಿಯಾಗಲಿ ಇಲ್ಲದಿರುವಾಗ ಪೊಲೀಸರೇ ಲಂಚದ ಹಣವನ್ನು ಒದಗಿಸಿ ಅಪರಾಧವನ್ನು ಆಗಮಾಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲವೆಂದು ಅದೇ ತೀರ್ಪಿನಲ್ಲಿ ಹೇಳಿತು. ಎರಡು ವರ್ಷಗಳ ಅನಂತರ, ಬಿಹಾರದ ಒಂದು ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸರು, ಮನುಷ್ಯನ ಪ್ರವೃತ್ತಿ ಎಂತಹುದೇ ಆಗಿರಲಿ, ಅವನ ದುರ್ಬಲ ಸಹನೆಗೆ ಮೀರಿದ ಪ್ರಲೋಭನವನ್ನು, ಅದರಲ್ಲಿಯೂ ಕಾನೂನಿನ ಕಾವಲುಗಾರರೇ, ಅವನಿಗೆ ಒಡ್ಡಬಾರದೆಂದು ಬರೆದರು.

ಇದರಿಂದ ಸಿಕ್ಕಿಬಿದ್ದವನು ನಿರ್ದೋಷಿಯಾಗುತ್ತಾನೆಂದು ನಾನು ಹೇಳಲಾರೆ. ಪ್ರಲೋಭನಕ್ಕೆ ಸೋತವನು ಸೋತವನೇ. ಕೈಚಾಚಿದ ಕ್ಷಣದಲ್ಲಿ ಆತನು ಸ್ವತಂತ್ರನಾಗಿದ್ದನು. ಆದರೆ ಒಡ್ಡಿದವನೂ ಆ ದೋಷದಲ್ಲಿ ಪಾಲುಗಾರನು. 2003ರಲ್ಲಿ ಕೇಂದ್ರದ ರಾಜ್ಯ ಮಂತ್ರಿಯೊಬ್ಬರು ಹಣ ಪಡೆಯುವ ದೃಶ್ಯವನ್ನು ಗುಟ್ಟಾಗಿ ಚಿತ್ರೀಕರಿಸಿದ ಪ್ರಕರಣದಲ್ಲಿ, ಆ ಕಾರ್ಯಾಚರಣೆಯ ಸಂಬಂಧವಾಗಿ ಆರೋಪಿಗಳಾದವರು ತಾವು ಲೋಕಹಿತಕ್ಕಾಗಿ ಹಾಗೆ ಮಾಡಿದೆವೆಂದು ವಾದಿಸಿದಾಗ, ಲೋಕಹಿತದ ಹೆಸರು ಹೇಳಿದ ಮಾತ್ರಕ್ಕೆ ಅಪರಾಧವು ಅಳಿಸಿಹೋಗದು, ಅವರ ಸಂಕಲ್ಪವೂ ವಿಚಾರಣೆಯಲ್ಲಿ ತೂಗಲ್ಪಡಲಿ ಎಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದ್ದು ನನಗೆ ಯುಕ್ತವೆನಿಸಿದೆ. ಕುಟುಕುವವನ ಮನಸ್ಸಿನಲ್ಲಿ ಸತ್ಯದ ಹಂಬಲವಿತ್ತೋ, ಚುನಾವಣೆಯ ಲೆಕ್ಕವಿತ್ತೋ, ಹಳೆಯ ಹಗೆಯಿತ್ತೋ ಎಂಬುದನ್ನು ಮರೆಯಲ್ಲಿಟ್ಟ ಕ್ಯಾಮೆರಾ ಚಿತ್ರೀಕರಿಸುವುದಿಲ್ಲ.

ಬಲೆ ಬೀಸುವ ಅಧಿಕಾರಿಗಳಲ್ಲಿಯೂ ಕ್ಯಾಮೆರಾ ಅಡಗಿಸಿಕೊಂಡು ಹೊರಡುವ ಪತ್ರಕರ್ತರಲ್ಲಿಯೂ ನನ್ನ ಬಿನ್ನಹ ಇಷ್ಟೆ: ಆ ಮನುಷ್ಯನು ತಾನಾಗಿಯೇ ಬೇಡಿದನೆಂಬುದಕ್ಕೆ ನಿಮ್ಮಲ್ಲಿ ಮುಂಚಿತವಾಗಿಯೇ ಆಧಾರವಿದ್ದರೆ ಹೋಗಿ, ಇಲ್ಲವಾದರೆ ಆ ಬಾಗಿಲನ್ನು ತಟ್ಟಬೇಡಿ.