ಪತ್ರಾದ ಜೋಡು



ಅಕ್ಕಲಕೋಟ, ಜತ್ತ ಕಡೆಯ ಭಕ್ತರು ಮಳೆಗಾಲದ ಮುಂದೆ ಮನೆಗೆ ಪತ್ರಾ ಹಾಕಿಸುವರು. ಸೋರಿದರೆ ಡಾಂಬರು ಮೆತ್ತುವರು. ಅದು ಬಿಸಿಲಿಗೆ ಬಿರಿಯುವುದು. ನೀರು ತಡೆಯುವುದು ಜೋಡು. ಮೇಲಿನ ತಗಡು ಕೆಳಗಿನದರ ಮೇಲೆ 6 ಅಂಗುಲವಾದರೂ ಬರಬೇಕು, ಇಳಿಜಾರು ಕಡಿಮೆಯಿದ್ದರೆ ಇನ್ನೂ ಹೆಚ್ಚು. ಪಕ್ಕದಲ್ಲಿ ಒಂದೂವರೆ-ಎರಡು ಅಲೆ ಕೂಡಬೇಕು. ಆ ಜೋಡಿನ ಬಾಯಿ ಪಡುವಣ ಮಳೆಗಾಳಿಗೆ ಎದುರಾಗಬಾರದು. ವಾಷರ್ ಹಾಕಿದ ಮೊಳೆ ಉಬ್ಬಿನ ಮೇಲಿರಲಿ. ತಗ್ಗು ನೀರು ಹರಿಯುವ ದಾರಿ.

ಒಂದು ತಗಡು ಉಳಿಸಲೆಂದು ಜೋಡನ್ನು ಕಿರಿದು ಮಾಡುವುದು ಕಾಯಕವಲ್ಲ, ಕಳವು. ಮುಚ್ಚಿಹೋದ ಆ 6 ಅಂಗುಲವನ್ನು ಯಾರೂ ನೋಡರು, ನಿಜ. ಆದರೆ ದಾಸೋಹಕ್ಕೆಂದು ಕಟ್ಟಿಟ್ಟ ಜೋಳದ ಚೀಲ ಅದರ ಕೆಳಗೇ ಇರುವುದು. ತಪ್ಪು ಕೆಲಸಗಾರನದೇ ಎನ್ನಲಾಗದು, ಲೆಕ್ಕ ಹಿಡಿಯುವವರು ನಾವೇ. ಪತ್ರಾ ಹಾಕುವ ಅಣ್ಣನಿಗೆ ಕೇಳುವ ಮೊದಲೇ ಆ ಒಂದು ತಗಡು ಹೆಚ್ಚಿಗೆ ತಂದುಕೊಡಿರಿ.